ಕಾನ್ವೆಂಟ್ ಶಾಲೆಯ ಪತ್ರಿಕೆಗೆ ಮಗಳು ಎಡಿಟರ್ ಅಂತೆ, ಬಿಡಿಸ್ಲಾ?

ನಿಮ್ಮ ಪ್ರಶ್ನೆ ಓದಿದೆ: ಮಗಳು ಒಂಬತ್ತನೇ ಕ್ಲಾಸು, ಕ್ರಿಶ್ಚಿಯನ್ ಶಾಲೆ, ಮನೆಯವರು ಹಿಂದೂಗಳು, ಪೀಡಿಎಫ್ ಆಗಿ ಬರುವ ಶಾಲೆಯ ತಿಂಗಳ ಪತ್ರಿಕೆಗೆ ಎಡಿಟರ್, ಚರ್ಚಿನ ಸುದ್ದಿ ಕೂಡ ಬರೀಬೇಕಂತೆ, ಮುಂದಿನ ವರ್ಷ ಎಸ್ಸೆಸ್ಸೆಲ್ಸಿ, ಮಾರ್ಕು ಕಡಿಮೆ ಆದ್ರೆ, ನಮ್ಮ ಸಂಸ್ಕೃತಿ ಮರೆತ್ರೆ ಅಂತ ಹೆದರಿಕೆ, ಎಡಿಟರ್ ಕೆಲಸ ಬಿಡಿಸ್ಲಾ, ಶಾಲೆಯನ್ನೇ ಬದಲಿಸ್ಲಾ ಅಂತ. ಇದು ನನ್ನದೇ ಜಾತಕ ಮಾರಾಯ್ರೆ. 1996ರಲ್ಲಿ ಬಂಟ್ವಾಳ ತಾಲೂಕಿನ ಒಂದು ಊರಲ್ಲಿ ನಾನೂ ಅದೇ ಬೆಂಚಲ್ಲಿ ಕೂತಿದ್ದೆ. ಶಾಲೆ ಸಿಸ್ಟರುಗಳದ್ದು, ಕಾಂಪೌಂಡಿನ ಆಚೆ ಬದಿಗೆ ಇಗರ್ಜಿ, ಅಂದ್ರೆ ಚರ್ಚು. ವಾರಕ್ಕೆ ಎರಡು ಪೀರಿಯಡು ಕ್ಲಾಸು ಎರಡು ಪಾಲು ಆಗ್ತಿತ್ತು, ಕಥೊಲಿಕ್ ಮಕ್ಕಳು ದೊತೊರ್ನ್‌ಗೆ, ಅಂದ್ರೆ ಅವರ ಧರ್ಮದ ಪಾಠಕ್ಕೆ, ಉಳಿದ ನಾವು ಮೋರಲ್ ಸೈನ್ಸಿಗೆ. ನನ್ನ ಅಪ್ಪನೂ ನಿಮ್ಮ ಹಾಗೇ ಕೇಳಿದ್ದು, "ಇಗರ್ಜಿ ಸುದ್ದಿ ಬರೀಲಿಕ್ಕೆ ನಾವೇ ಬೇಕಾ ಅವರಿಗೆ?"

ಅದಕ್ಕೆ ನಮ್ಮ ಕನ್ನಡ ಮಾಸ್ಟ್ರು ಮನೆಗೇ ಬಂದು ಚಾ ಕುಡೀತಾ ಒಂದು ಮಾತು ಹೇಳಿದ್ರು. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ, 1843ರ ಜುಲೈ 1ಕ್ಕೆ ಹೊರಟದ್ದು, ಹೊರಡಿಸಿದ್ದು ಬಾಸೆಲ್ ಮಿಶನ್ನಿನ ಹರ್ಮನ್ ಮೊಗ್ಲಿಂಗ್ ಅಂತ ಜರ್ಮನ್ ಪಾದ್ರಿ, ಕಲ್ಲಚ್ಚಲ್ಲಿ ಪ್ರಿಂಟು. ಆ ಪಾದ್ರಿ ನಮ್ಮ ಕನ್ನಡದಲ್ಲಿ ಬರೆದದ್ದಾದ್ರೆ ನಿಮ್ಮ ಮಗ ಅವರ ಹಬ್ಬದ ಬಗ್ಗೆ ನಾಲ್ಕು ಸಾಲು ಬರೆದ್ರೆ ಎಂತ ಆಗ್ತದೆ ಅಂತ. (ಬಾಸೆಲ್‌ನವರು ಪ್ರೊಟೆಸ್ಟೆಂಟ್, ನಮ್ಮ ಸಿಸ್ಟರುಗಳು ಕಥೊಲಿಕ್, ಆ ವ್ಯತ್ಯಾಸ ಅಪ್ಪನಿಗೂ ಗೊತ್ತಿರ್ಲಿಲ್ಲ, ಮಾಸ್ಟ್ರೂ ಹೇಳ್ಲಿಲ್ಲ.) ಅಪ್ಪ ಸೋತರು. ನಮ್ಮ ಪತ್ರಿಕೆಯೂ ಜುಲೈ 1ಕ್ಕೇ ಶುರುವಾಯ್ತು, ನಾಲ್ಕು ಪುಟ, ಸೈಕ್ಲೋಸ್ಟೈಲು, 220 ಪ್ರತಿ.

ಈಗಿನವರಿಗೆ ಸೈಕ್ಲೋಸ್ಟೈಲ್ ಅಂದ್ರೆ ಗೊತ್ತಿರ್ಲಿಕ್ಕಿಲ್ಲ. ಮೇಣದ ಸ್ಟೆನ್ಸಿಲ್ ಹಾಳೆ ಮೇಲೆ ಮೊಂಡು ಕಡ್ಡಿಯಿಂದ ಒತ್ತಿ ಬರೀಬೇಕು, ತಪ್ಪಾದ್ರೆ ಕೆಂಪು ಬಣ್ಣದ ವಾರ್ನಿಷ್ ತರದ್ದು ಹಚ್ಚಿ ಒಣಗಿದ ಮೇಲೆ ಪುನಃ ಬರೀಬೇಕು, ಆಮೇಲೆ ಮೆಷಿನಿನ ಡ್ರಮ್ಮಿಗೆ ಸುತ್ತಿ ಹ್ಯಾಂಡಲ್ ತಿರುಗಿಸ್ತಾ ಹೋಗೋದು. ಒಂದು ಸಲ ಬರೆದದ್ದು ಬರೆದ ಹಾಗೇ. ನಿಮ್ಮ ಮಗಳ ಪೀಡಿಎಫ್‌ನ ಹಾಗೆ ಡಿಲೀಟ್ ಮಾಡ್ಲಿಕ್ಕೆ ಆಗೂದಿಲ್ಲ, ಹಾಗೆ ನೋಡಿದ್ರೆ ಪೀಡಿಎಫ್ಫೂ ಎಲ್ಲಿ ಡಿಲೀಟ್ ಆಗ್ತದೆ, ವಾಟ್ಸಾಪಿಗೆ ಹೋಯ್ತಂದ್ರೆ ಹೋಯ್ತು.

ಜುಲೈ, ಆಗಸ್ಟ್ ಸಂಚಿಕೆ ಚಂದ ಬಂತು. ಸಪ್ಟೆಂಬರಿನದ್ದು ಮೊಂತಿ ಫೆಸ್ತ್ ಸಂಚಿಕೆ. ನಿಮಗೆ ಗೊತ್ತಿರ್ಬಹುದು, ಸಪ್ಟೆಂಬರ್ 8, ಮೇರಿಯಮ್ಮನ ಹುಟ್ಟುಹಬ್ಬ, ಅದಕ್ಕೆ ಮೊದಲು ಒಂಬತ್ತು ದಿನ ನೊವೆನಾ ಪ್ರಾರ್ಥನೆ, ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಬಾಲ ಮೇರಿಗೆ ಹಾಕೋದು, ಹಬ್ಬದ ದಿನ ಹೊಸ ತೆನೆ ಆಶೀರ್ವಾದ, ಮಕ್ಕಳಿಗೆ ಕಬ್ಬು, ಮನೆಯಲ್ಲಿ ಬಾಳೆಲೆ ಮೇಲೆ ಸಸ್ಯಾಹಾರಿ ಊಟ. ನಾನು ಅಜ್ಜಿಯನ್ನು ಕೇಳಿ ನಮ್ಮ ಕುರಲ್ ಅಂದ್ರೆ ಹೊಸ ತೆನೆ ಕಟ್ಟೋದು, ಪುದ್ವಾರ್ ಅಂದ್ರೆ ಹೊಸ ಅಕ್ಕಿ ಊಟ ಎಲ್ಲ ಅದರ ಪಕ್ಕಕ್ಕೆ ಇಟ್ಟು ಒಂದು ಪುಟ ಬರೆದಿದ್ದೆ. ಅದು ಒಳ್ಳೆದಿತ್ತು, ಈಗಲೂ ಹೇಳ್ತೇನೆ. ಹಾಗಾಗಿ "ನಮ್ಮ ಸಂಸ್ಕೃತಿ ಮರೆತು ಹೋಗ್ತಾಳೆ" ಅಂತ ನೀವು ಬರೆದದ್ದನ್ನು ನಾನು ಒಪ್ಪೂದಿಲ್ಲ. ನಮ್ಮ ಮನೆಯಲ್ಲಿ ಕುರಲ್ ಯಾಕೆ ಕಟ್ಟೋದು ಅಂತ ನನಗೆ ಗೊತ್ತಾದದ್ದೇ ಮೊಂತಿ ಫೆಸ್ತ್ ಬರೀಲಿಕ್ಕೆ ಹೊರಟು.

ಈಗ ನನ್ನ ತಪ್ಪಿಗೆ ಬರ್ತೇನೆ. ಸ್ವಲ್ಪ ಉದ್ದ ಹೇಳ್ತೇನೆ, ಯಾಕಂದ್ರೆ ಇದನ್ನು ಚುಟುಕಾಗಿ ಹೇಳಿದಾಗೆಲ್ಲ ಜನ "ಓ, ಅಷ್ಟೇನಾ" ಅಂತಾರೆ.

ಆ ವರ್ಷ ಎಂಟನೇ ತಾರೀಕು ಭಾನುವಾರ. ಪತ್ರಿಕೆ ಶನಿವಾರ ಹಂಚಿದ್ರೆ ಹಬ್ಬಕ್ಕೆ ಮನೆಮನೆಗೆ ಹೋಗ್ತದೆ ಅಂತ ಲೆಕ್ಕ. ಮಾಸ್ಟ್ರು ಬುಧವಾರ ಎಲ್ಲ ಓದಿ ಸೈನ್ ಹಾಕಿದ್ರು, ನಾಲ್ಕನೇ ಪುಟದಲ್ಲಿ ಅರ್ಧ ಜಾಗ ಥ್ರೋಬಾಲ್ ಮ್ಯಾಚಿಗೆ ಅಂತ ಬಿಟ್ಟು. ಮಳೆ ಬಂದು ಮ್ಯಾಚು ನಿಂತಿತು. ಗುರುವಾರ ಸಪ್ಟೆಂಬರ್ 5, ಟೀಚರ್ಸ್ ಡೇ, ಟೀಚರುಗಳೆಲ್ಲ ಸ್ಟೇಜ್ ಮೇಲೆ, ನಾವು ಇಬ್ಬರು ಹುಡುಗರು ಆಫೀಸಿನ ಹಿಂದಿನ ರೂಮಲ್ಲಿ ಸ್ಟೆನ್ಸಿಲ್ ಎದುರು, ಅರ್ಧ ಪುಟ ಖಾಲಿ. ಮಾಸ್ಟ್ರು ಮೊದಲೇ ಒಂದು ಮಾತು ಹೇಳಿದ್ರು, ಬಡ ಮಕ್ಕಳ ನಿಧಿಗೆ ಹಣ ಕೊಟ್ಟವರ ಹೆಸರು ಯಾವಾಗಲಾದ್ರೂ ಹಾಕುವ ಅಂತ. ಕ್ಲರ್ಕಿನ ಹತ್ರ ಹೋಗಿ ಕೇಳಿದೆ, ಅವರು ಗಡಿಬಿಡಿಯಲ್ಲಿ ಇಡೀ ಫೈಲೇ ಕೈಗೆ ಕೊಟ್ರು. ಮೊದಲ ಹಾಳೆಯಲ್ಲಿ ಕೊಟ್ಟವರು, ಒಟ್ಟು ಆರೇ ಹೆಸರು. ಆರು ಹೆಸರಿಗೆ ಅರ್ಧ ಪುಟ ತುಂಬೂದಿಲ್ಲ. ಎರಡನೇ ಹಾಳೆಯಲ್ಲಿ ತಗೊಂಡವರು, 23 ಹೆಸರು, ಕ್ಲಾಸು, ಯಾರಿಗೆ ಯೂನಿಫಾರ್ಮು, ಯಾರಿಗೆ ಪುಸ್ತಕ, ಯಾರಿಗೆ ಫೀಸು, ಎಲ್ಲ ಚಂದ ಗೆರೆ ಎಳೆದು. ನಾನು ಎರಡನ್ನೂ ಇಳಿಸಿದೆ. ಹೆಡ್ಡಿಂಗ್ ಕೂಡ ನಾನೇ ಕೊಟ್ಟದ್ದು, "ನೆರವು ಪಡೆದ ನಮ್ಮ ಬಡ ವಿದ್ಯಾರ್ಥಿಗಳು".

ಗಡಿಬಿಡಿಯಲ್ಲಿ ನೋಡದೆ ಹಾಕಿದೆ ಅಂತ ನೀವು ಅಂದ್ಕೊಳ್ಬಹುದು, ಹಾಗಲ್ಲ. ಒಂಬತ್ತನೇ ಹೆಸರು ನನ್ನ ಬೆಂಚಿನವನದ್ದು, ಐದನೇ ಕ್ಲಾಸಿಂದ ನಾವು ಒಟ್ಟಿಗೆ. ನಾನು ನೋಡಿದೆ. ನೋಡಿ ಖುಷಿಪಟ್ಟೆ, ಇವನ ಹೆಸರೂ ಪೇಪರಲ್ಲಿ ಬಂತಲ್ಲ ಅಂತ. ಅಷ್ಟೇ ಅಲ್ಲ, ಅವನ ಮನೆತನದ ಹೆಸರಿನ ಕಾಗುಣಿತ ತಪ್ಪು ಬರೆದಿದ್ದೆ, ಅದಕ್ಕೆ ಆ ಕೆಂಪು ದ್ರಾವಣ ಹಚ್ಚಿ, ಊದಿ ಒಣಗಿಸಿ, ಸರಿಯಾಗಿ ಪುನಃ ಬರೆದೆ. ಉಳಿದ 22 ಹೆಸರಿಗಿಂತ ಅದೇ ಹೆಸರು ಪ್ರಿಂಟಲ್ಲಿ ಎದ್ದು ಕಾಣ್ತಿತ್ತು.

ಅವನ ಅಪ್ಪ ಬೊಂಬಾಯಿಯಲ್ಲಿದ್ದವರು, ಹಣ ಕಳ್ಸೋದು ನಿಂತು ವರ್ಷ ಆಗಿತ್ತು, ಅಮ್ಮ ಬೀಡಿ ಕಟ್ತಿದ್ರು. ಆದ್ರೆ ಅವನ ಅಜ್ಜ ಅವರ ವಾಡೊಗೆ ಗುರ್ಕಾರ್ ಆಗಿದ್ದವರು, ಅಂದ್ರೆ ಇಗರ್ಜಿಯ ಲೆಕ್ಕದಲ್ಲಿ ಆ ವಠಾರದ ಮುಖ್ಯಸ್ಥ, ಬೇರೆಯವರ ಮನೆ ಕಷ್ಟ ಫಾದರ್ ಹತ್ರ ಹೇಳುವ ಜನ. ಸೊಸೆ ಶಾಲೆಯಿಂದ ಯೂನಿಫಾರ್ಮು, ಫೀಸು ತಗೊಂಡದ್ದು ಅವರಿಗೆ ಗೊತ್ತೇ ಇರ್ಲಿಲ್ಲ, ಶಾಲೆಗೂ ಆಯಮ್ಮನಿಗೂ ಮಾತ್ರ ಗೊತ್ತಿದ್ದ ವಿಷಯ. ಭಾನುವಾರ ಪೂಜೆ ಮುಗಿದ ಮೇಲೆ ತೆನೆ ಹಿಡ್ಕೊಂಡು ನಿಂತ ಜನರ ಕೈಯಲ್ಲೆಲ್ಲ ನಮ್ಮ ಪತ್ರಿಕೆ. ಯಾರೋ ಅಜ್ಜನಿಗೆ ಕನ್ನಡಕ ತೆಗೆದು ಕೊಟ್ಟು ಓದಿಸಿದ್ರಂತೆ, "ನಿಮ್ಮ ಮೊಮ್ಮಗನದ್ದು ಹೆಸರುಂಟು ನೋಡಿ" ಅಂತ, ಒಳ್ಳೆ ಮನಸ್ಸಿಂದಲೇ.

ಸೋಮವಾರ ಅವನು ಲಾಸ್ಟ್ ಬೆಂಚಿಗೆ ಹೋಗಿ ಕೂತ. ಬೈಲಿಲ್ಲ, ಹೊಡೀಲಿಲ್ಲ, ನನ್ನ ಕಂಪಾಸ್ ಬಾಕ್ಸು ಅವನ ಚೀಲದಲ್ಲಿತ್ತು, ಅದನ್ನು ತಂದು ಇಟ್ಟು ಹೋದ. ಹೆಡ್‌ಮಿಸ್ ಸಿಸ್ಟರ್ ನನ್ನನ್ನು ಕರೆದು ಎಲ್ಲ ಪ್ರತಿ ವಾಪಸ್ ತರ್ಲಿಕ್ಕೆ ಹೇಳಿದ್ರು, ಮನೆಮನೆಗೆ ಹೋದೆ, 220ರಲ್ಲಿ 140 ಸಿಕ್ಕಿತು. ಹೆಚ್ಚಿನ ಕಡೆ ಆ ಪುಟದಲ್ಲಿ ಆಗಲೇ ಯಾರ್ಯಾರದ್ದೋ ಹೆಸರಿಗೆ ಪೆನ್ನಲ್ಲಿ ಗೆರೆ ಹಾಕಿತ್ತು. ಸಿಸ್ಟರ್ ಬೈಯ್ಯುವ ಬದಲು ಮತ್ತಾಯನ ಸುವಾರ್ತೆ ಆರನೇ ಅಧ್ಯಾಯ ತೆಗೆದು ಓದಿಸಿದ್ರು, ದಾನ ಕೊಡುವಾಗ ಬಲಗೈ ಮಾಡಿದ್ದು ಎಡಗೈಗೆ ಗೊತ್ತಾಗಬಾರದು ಅಂತ ಬರುವ ಜಾಗ. ಬೈಬಲ್ ನಾನು ಶಾಲೆಯಲ್ಲಿ ಕೈಯಲ್ಲಿ ಹಿಡಿದದ್ದು ಅದೊಂದೇ ಸಲ, ಮತಾಂತರ ಮತಾಂತರ ಅಂತ ಹೆದರುವವರಿಗೆ ಹೇಳ್ತಾ ಇದ್ದೇನೆ. ಮಾಸ್ಟ್ರು ಮಾತ್ರ ಸೈನ್ ಹಾಕಿದ ಮೇಲೆ ಒಂದಕ್ಷರ ಸೇರಿಸಿದ್ದಕ್ಕೆ ವಾರಗಟ್ಟಲೆ ಮಾತಾಡ್ಲಿಲ್ಲ.

ಆ ಕ್ರಿಸ್ಮಸ್ಸಿಗೂ ಅವನ ಮನೆಯಿಂದ ಕುಸ್ವಾರ್, ಅಂದ್ರೆ ಕ್ರಿಸ್ಮಸ್ ತಿಂಡಿಯ ತಟ್ಟೆ ಬಂತು, ಕೊಕ್ಕಿಸಾಂ, ನೆವ್ರಿ, ಗುಳಿಯೊ ಎಲ್ಲ ಇತ್ತು. ಯಾವಾಗಲೂ ಅವನೇ ತರ್ತಿದ್ದ, ಆ ಸಲ ತಂಗಿ ತಂದಳು. ತಟ್ಟೆ ವಾಪಸ್ ಕೊಡ್ಲಿಕ್ಕೆ ನಾನು ಹೋಗ್ಲಿಲ್ಲ, ಅಮ್ಮ ಹೋದಳು. ಇದು ಎರಡನೇ ತಪ್ಪು, ಇದಕ್ಕೆ ಯಾವ ಸ್ಟೆನ್ಸಿಲ್ಲಿನ ನೆಪವೂ ಇಲ್ಲ.

ಇನ್ನು ನಿಮ್ಮ ಪ್ರಶ್ನೆ. ಬಿಡಿಸ್ಬೇಡಿ. ಮಾರ್ಕಿನ ಚಿಂತೆ ಸುಳ್ಳು, ತಿಂಗಳಿಗೆ ನಾಲ್ಕು ಪುಟ ಬರೆದು ಎಸ್ಸೆಸ್ಸೆಲ್ಸಿಯಲ್ಲಿ ಯಾರಿಗೂ ಕಡಿಮೆ ಆಗೂದಿಲ್ಲ, ಭಾಷೆಯ ಪೇಪರಲ್ಲಿ ಹೆಚ್ಚೇ ಆಗ್ತದೆ. ಶಾಲೆ ಬದಲಿಸುವ ಮಾತಂತೂ ಬೇಡವೇ ಬೇಡ, ಎಸ್ಸೆಸ್ಸೆಲ್ಸಿಗೆ ಒಂದು ವರ್ಷ ಇರುವಾಗ ಟೀಸಿ ತಗೊಂಡು ಎಲ್ಲಿ ಅಲೀತೀರಿ. ಧರ್ಮದ್ದೇ ಹೆದರಿಕೆ ಆದ್ರೆ ಅದಕ್ಕೆ ಸಂವಿಧಾನದಲ್ಲೇ ದಾರಿ ಉಂಟು, 28ನೇ ವಿಧಿಯ ಮೂರನೇ ಖಂಡ: ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಾಲೆಯಲ್ಲಿ ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಧಾರ್ಮಿಕ ಪಾಠಕ್ಕಾಗಲಿ ಪೂಜೆಗಾಗಲಿ ಕೂರಿಸುವ ಹಾಗಿಲ್ಲ. ಒಂದು ಪತ್ರ ಬರೆದು ಕೊಡಿ, ಮುಗೀತು. ಆದ್ರೆ ಮೊಂತಿ ಫೆಸ್ತಿನ ಬಗ್ಗೆ ಸುದ್ದಿ ಬರೆಯೋದು ಪೂಜೆ ಅಲ್ಲ, ಅದಕ್ಕೂ ಪತ್ರ ಬರೀಲಿಕ್ಕೆ ಹೋಗ್ಬೇಡಿ, ಟೀಚರುಗಳು ನಗಾಡ್ತಾರೆ.

ನಿಮ್ಮ ಪ್ರಶ್ನೆಯಲ್ಲಿ ಮಗಳಿಗೆ ಶಾಲೆಯಿಂದ ಎಂತ ಆಗ್ತದೋ ಅಂತ ಮಾತ್ರ ಉಂಟು. ಅವಳು ಬರೆದದ್ದರಿಂದ ಬೇರೆಯವರ ಮನೆಯಲ್ಲಿ ಎಂತ ಆಗ್ಬಹುದು ಅಂತ ಒಂದು ಸಾಲೂ ಇಲ್ಲ. ನಾನಾದ್ರೆ ಸೋಮವಾರ ಶಾಲೆಗೆ ಹೋಗಿ ಟೀಚರ್ ಹತ್ರ ಕೇಳ್ತಿದ್ದೆ, ಕೊನೇ ಪ್ರೂಫ್ ನೋಡೋದು ಯಾರು, ನೋಡಿದ ಮೇಲೆ ಜಾಗ ಖಾಲಿ ಬಿದ್ರೆ ಎಂತ ಮಾಡ್ತೀರಿ, ಫೀಸ್ ಕನ್ಸೆಶನ್ ಸಿಕ್ಕಿದ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತೆಗೆದ ಫೋಟೋ ಹಾಕ್ತೀರಾ ಅಂತ. ಈಗಲೂ ಹಾಕ್ತಾರೆ ಮಾರಾಯ್ರೆ, ಎಲ್ಲ ಧರ್ಮದವರ ಶಾಲೆಯಲ್ಲೂ, ಬ್ಯಾಗು ಕೊಡುವವರ ಕೈ ಒಂದು ಬದಿ, ತಗೊಳ್ಳುವ ಮಗುವಿನ ಮುಖ ಕ್ಯಾಮರಾಕ್ಕೆ. ಆ ಫೋಟೋಕ್ಕೆ ಕ್ಯಾಪ್ಶನ್ ಬರೀಲಿಕ್ಕೆ ನಿಮ್ಮ ಮಗಳಿಗೇ ಹೇಳ್ತಾರೆ, ಹೆಸರಿನ ಕಾಗುಣಿತ ಸರಿ ಉಂಟಾ ನೋಡು ಅಂತಾನೂ ಹೇಳ್ತಾರೆ.