ಕೆ-ಜೆಟ್ರಾನಿಕ್ (ಬಾಷ್‌ನ ಯಾಂತ್ರಿಕ ಇಂಧನ ಇಂಜೆಕ್ಷನ್ ವ್ಯವಸ್ಥೆ) ಇರುವ ಹಳೆಯ ಮರ್ಸಿಡಿಸ್ 230ಇ ಐಡಲ್‌ನಲ್ಲಿ ಮಿಸ್ ಹೊಡೆಯುತ್ತಿದೆ, ಪ್ಲಗ್ ಹೊಸದು. ಮುಂದೇನು ನೋಡಬೇಕು?

ಮೊದಲು ಯಾವ ಸಿಲಿಂಡರ್ ಅನ್ನುವುದು ಗೊತ್ತಾಗಬೇಕು. ಎಂಜಿನ್ ಆಫ್ ಮಾಡಿ ಒಂದು ಪ್ಲಗ್ ವೈರ್ ಕಳಚಿ, ಅದಕ್ಕೆ ಬೇರೆ ಪ್ಲಗ್ ಸಿಕ್ಕಿಸಿ, ಬ್ಲಾಕಿಗೆ ಅರ್ತ್ ಕೊಟ್ಟು ಸ್ಟಾರ್ಟ್ ಮಾಡಿ. ಯಾವುದನ್ನು ಕಳಚಿದಾಗ ಆರ್‌ಪಿಎಂ ಇಳಿಯುವುದಿಲ್ಲವೋ ಅದೇ ಸತ್ತಿರುವುದು. ಅದರ ವೈರ್ ಬದಲಿಸಿ ನೋಡಿ, ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ಅಳೆಯಿರಿ.

ಎರಡೂ ಸರಿಯಿದ್ದರೆ ಇಂಜೆಕ್ಟರ್, ಅಂದರೆ ಪೆಟ್ರೋಲ್ ಸಿಂಪಡಿಸುವ ನಳಿಕೆ, ನೋಡಿ. ಇದು ವಿದ್ಯುತ್ತಿನಿಂದ ತೆರೆಯುವುದಲ್ಲ, 3.5 ಬಾರ್ ಆಸುಪಾಸಿನ ಒತ್ತಡಕ್ಕೆ ತೆರೆದು ಎಡೆಬಿಡದೆ ಸಿಂಪಡಿಸುತ್ತದೆ. ಮಲ್ಟಿಮೀಟರ್ ಹಿಡಿದು ಪ್ರಯೋಜನವಿಲ್ಲ. ತಣ್ಣಗಿನ ಎಂಜಿನ್‌ನಲ್ಲಿ, ಕಿಡಿಯಿಂದ ದೂರ, ಅದನ್ನು ಹೊರಗೆಳೆದು ಗಾಜಿನ ಬಾಟಲಿಗೆ ಇಳಿಸಿ. ಇಂಧನ ಪಂಪ್ ಓಡಿಸಿ ಸೆನ್ಸರ್ ಪ್ಲೇಟ್ (ಒಳಬರುವ ಗಾಳಿಯನ್ನು ಅಳೆಯುವ ತಟ್ಟೆ) ಮೆಲ್ಲಗೆ ಸರಿಸಿ. ಮಂಜಿನಂಥ ಶಂಕು ಬರಬೇಕು. ನೂಲಿನಂತೆ ಸುರಿದರೆ, ಪ್ಲೇಟ್ ಬಿಟ್ಟ ಮೇಲೂ ತೊಟ್ಟಿಕ್ಕಿದರೆ ಇಂಜೆಕ್ಟರ್ ಬದಲಿಸಿ.

ಇಂಜೆಕ್ಟರಿನ ರಬ್ಬರ್ ಸೀಲನ್ನು ಮರೆಯಲೇಬೇಡಿ: ಉಗುರು ಒತ್ತಿದರೆ ಬಿಸ್ಕತ್ತಿನಂತೆ ಮುರಿಯುತ್ತದೆಯೇ? ಅಲ್ಲಿಂದ ಗಾಳಿ ನುಗ್ಗಿ ಆ ಸಿಲಿಂಡರ್ ಲೀನ್ ಆಗುತ್ತದೆ, ಅಂದರೆ ಗಾಳಿ ಹೆಚ್ಚಾಗಿ ಪೆಟ್ರೋಲ್ ಸಾಲದಾಗುತ್ತದೆ. ನಾಲ್ಕು ಸೀಲನ್ನೂ ಒಟ್ಟಿಗೆ ಬದಲಿಸಿ.