ರಕ್ತದ ಗುಂಪು ಒಂದೇ ಇದ್ದರೂ ಅಕ್ಕನ ಅಸ್ಥಿಮಜ್ಜೆ ತಮ್ಮನಿಗೆ ಏಕೆ ಹೊಂದುವುದಿಲ್ಲ?

ನಿಮ್ಮದೂ ತಮ್ಮನದೂ ಬಿ ಗುಂಪಿನ ರಕ್ತ, ಮುಖವೂ ಅಚ್ಚು ಒಂದೇ. ಆದರೂ ಅಸ್ಥಿಮಜ್ಜೆ ಕಸಿಗೆ ನೀವು ಹೊಂದುವುದಿಲ್ಲ ಎಂದಿದ್ದಾರೆ, ಪರೀಕ್ಷೆಯೇ ತಪ್ಪಿರಬಹುದೇ ಎಂದು ಕೇಳಿದ್ದೀರಿ. ತಪ್ಪಿರುವ ಸಾಧ್ಯತೆ ಕಡಿಮೆ. ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಇದೇ ಪರೀಕ್ಷೆ ಮಾಡುವವಳು ನಾನು. ಇದೇ ಅನುಮಾನವನ್ನು ಅನೇಕರಿಂದ ಕೇಳಿದ್ದೇನೆ.

ಎ, ಬಿ, ಒ ಗುಂಪನ್ನು ನಿರ್ಧರಿಸುವ ಜೀನ್ 9ನೇ ವರ್ಣತಂತುವಿನಲ್ಲಿದೆ. ಕಸಿಗೆ ಹೊಂದಬೇಕಾದದ್ದು ಎಚ್‌ಎಲ್‌ಎ ಜೀನ್‌ಗಳು, ಅಂದರೆ ಜೀವಕೋಶ ತನ್ನದೋ ಪರರದೋ ಎಂದು ದೇಹ ಗುರುತಿಸಲು ನೆರವಾಗುವ ಜೀನ್‌ಗಳು. ಅವು ಇರುವುದು 6ನೆಯದರಲ್ಲಿ. ರಕ್ತದ ಗುಂಪು ಬೇರೆಯಾದರೂ ಮಜ್ಜೆ ಕೊಡಬಹುದು. ಇನ್ನು ಮೂಗು, ಹುಬ್ಬುಗಳ ಹೋಲಿಕೆ ನೆಂಟರಿಗೆ ಮಾತ್ರ ಮುಖ್ಯ.

ಎಚ್‌ಎಲ್‌ಎ ಜೀನ್‌ಗಳಲ್ಲಿ ಸಾವಿರಾರು ಬಗೆಗಳಿವೆ. ಆದರೆ ಅವು ಒತ್ತೊತ್ತಾಗಿ ಕುಳಿತಿರುವುದರಿಂದ ಸಾಮಾನ್ಯವಾಗಿ ಬಿಡಿಬಿಡಿಯಾಗಿ ಬರುವುದಿಲ್ಲ, ಇಡೀ ಗಂಟಾಗಿಯೇ ಮಗುವಿಗೆ ಬರುತ್ತವೆ. ಅಪ್ಪನ ಎರಡು ಗಂಟುಗಳಲ್ಲಿ ಒಂದು, ಅಮ್ಮನ ಎರಡರಲ್ಲಿ ಒಂದು. ಹೀಗಾಗಿ ಒಬ್ಬ ಒಡಹುಟ್ಟಿದವರು ಪೂರ್ತಿ ಹೊಂದುವ ಸಾಧ್ಯತೆ ಶೇ. 25, ಅರ್ಧ ಹೊಂದುವುದು ಶೇ. 50, ಏನೂ ಹೊಂದದಿರುವುದು ಶೇ. 25. ಇಬ್ಬರು ಒಡಹುಟ್ಟಿದವರಿದ್ದರೆ ಒಬ್ಬರಾದರೂ ಪೂರ್ತಿ ಹೊಂದುವ ಸಾಧ್ಯತೆ ಸುಮಾರು ಶೇ. 44, ಮೂವರಿದ್ದರೆ ಶೇ. 58.

ಅಪ್ಪ ಅಮ್ಮ ಸಾಮಾನ್ಯವಾಗಿ ಅರ್ಧ ಮಾತ್ರ ಹೊಂದುತ್ತಾರೆ. ಆದರೆ ನಮ್ಮ ಕಡೆ ಸೋದರಮಾವನನ್ನು ಮದುವೆಯಾಗುವ ರೂಢಿಯಿದೆಯಲ್ಲ, ಅಲ್ಲಿ ಲೆಕ್ಕ ಬದಲಾಗುತ್ತದೆ. ಗಂಡ ಹೆಂಡತಿ ಇಬ್ಬರಲ್ಲೂ ಒಂದೇ ಗಂಟು ಇದ್ದುಬಿಡಬಹುದು. ಅಪ್ಪನಿಂದ ಆ ಗಂಟು, ಅಮ್ಮನಿಂದ ಅವಳ ಇನ್ನೊಂದು ಗಂಟು ಮಗುವಿಗೆ ಬಂದರೆ ಅದು ಅಮ್ಮನಿಗೆ ಪೂರ್ತಿ ಹೊಂದುತ್ತದೆ. ನಿಮ್ಮ ತಂದೆತಾಯಿಯದು ಸಂಬಂಧದ ಮದುವೆಯಾಗಿದ್ದರೆ ಸಂಕೋಚಪಡದೆ ವೈದ್ಯರಿಗೆ ಮೊದಲೇ ಹೇಳಿ. ಆಗ ಅವರಿಬ್ಬರನ್ನೂ, ಚಿಕ್ಕಪ್ಪ, ಅತ್ತೆಯರ ಮಕ್ಕಳನ್ನೂ ಪರೀಕ್ಷಿಸುವುದರಲ್ಲಿ ಅರ್ಥವಿದೆ. ಹಾಗಿಲ್ಲದಿದ್ದರೆ ದೂರದ ನೆಂಟರನ್ನೆಲ್ಲ ಸಾಲಾಗಿ ನಿಲ್ಲಿಸುವುದು ಹೆಚ್ಚಾಗಿ ಹಣದ ದಂಡ.

ನಿಮ್ಮ ವರದಿಯಲ್ಲಿ ಅರ್ಧ ಹೊಂದಿದೆಯೇ, ಏನೂ ಇಲ್ಲವೇ ಎಂದು ನೀವು ಬರೆದಿಲ್ಲ. ಅದನ್ನು ಕೇಳಿ ತಿಳಿದುಕೊಳ್ಳಿ. ಅರ್ಧ ಹೊಂದುವ ದಾನಿಯಿಂದಲೂ ಈಗ ಕಸಿ ಮಾಡುತ್ತಾರೆ. ನೋಂದಾಯಿತ ಅಪರಿಚಿತ ದಾನಿಗಳ ಪಟ್ಟಿಯಲ್ಲೂ ಹುಡುಕಿಸಬಹುದು. ಆ ಹುಡುಕಾಟವನ್ನು ತಮ್ಮನ ಆಸ್ಪತ್ರೆಯವರೇ ಆರಂಭಿಸುತ್ತಾರೆ.