53ನೇ ವಯಸ್ಸಿಗೆ ಅಮೆರಿಕಕ್ಕೆ ಬರುತ್ತಿದ್ದೀರಾ? ಮೊದಲು ಅಡಲ್ಟ್ ಸ್ಕೂಲಿಗೆ ಹೋಗಿ

ನಮಸ್ಕಾರ ಸರ್. ನೀವು ಬರೆದಿದ್ದನ್ನ ಪೂರ್ತಿ ಓದಿದೆ. ನಿಮಗೆ 53, ನಿಮ್ಮ ಮನೆಯವರಿಗೆ 48. ತಂಗಿ ಹಾಕಿದ್ದ ಗ್ರೀನ್ ಕಾರ್ಡ್ ಅರ್ಜಿಗೆ ಇಷ್ಟು ವರ್ಷ ಕಾದು ಕಾದು ಈಗ ವೀಸಾ ಕೈಗೆ ಬಂದಿದೆ, ಇನ್ನು ಸ್ವಲ್ಪ ದಿನದಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಬರುತ್ತೀರಿ. ನೀವು ಪಿಯುಸಿ ಮುಗಿಸಿ ಬಿಕಾಂ ಅರ್ಧಕ್ಕೆ ಬಿಟ್ಟವರು, ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಇಷ್ಟು ವರ್ಷ ದುಡಿದವರು. ಅವರದ್ದು ಎಸ್‌ಎಸ್‌ಎಲ್‌ಸಿ. "ಈ ವಯಸ್ಸಿನಲ್ಲಿ ನಮಗೆ ಯಾರು ಏನು ಕಲಿಸ್ತಾರೆ, ಪೆಟ್ರೋಲ್ ಬಂಕ್ ಕೌಂಟರೇ ಗತಿನಾ" ಅಂತ ಕೇಳಿದ್ದೀರಿ.

ಹಾಗೇನೂ ಇಲ್ಲ. ಕಲಿಸೋರು ಇದ್ದಾರೆ, ಎಷ್ಟೋ ಕಡೆ ದುಡ್ಡಿಲ್ಲದೆ ಕಲಿಸ್ತಾರೆ, ಅದಕ್ಕೆ ಅಂತ ಕಾನೂನೇ ಇದೆ. ಆದರೆ ಯಾರೂ ಮನೆಗೆ ಬಂದು ಹೇಳುವುದಿಲ್ಲ. ಐವತ್ತು ದಾಟಿ ಬಂದ ನಮ್ಮವರು ಬಹಳ ಜನ, ಇಳಿದ ವಾರವೇ ಪರಿಚಯದವರ ಅಂಗಡಿಯಲ್ಲೋ ಹೋಟೆಲ್ ಅಡುಗೆಮನೆಯಲ್ಲೋ ನಿಂತುಬಿಡುತ್ತಾರೆ, ಕೈಗೆ ಕ್ಯಾಶ್ ಬರುತ್ತೆ, ಮನೆಯಲ್ಲಿ ತಂಗಿಗೋ ತಮ್ಮನಿಗೋ ಭಾರ ಆಗಲಿಲ್ಲ ಅನ್ನೋ ಸಮಾಧಾನ, ಆಮೇಲೆ ವರ್ಷಗಳು ಕಳೆದರೂ ಅದೇ ಜಾಗ, ಅದೇ ಸಂಬಳ. ನಿಮಗೆ ಹಾಗಾಗಬಾರದು ಅಂತಲೇ ಇಷ್ಟುದ್ದ ಬರೆಯುತ್ತಿದ್ದೇನೆ. ನಾನು ಹೇಳೋದು ಒಂದೇ: ಬಂದ ಮೊದಲ ತಿಂಗಳೇ ಇಬ್ಬರೂ ಅಡಲ್ಟ್ ಸ್ಕೂಲಿನಲ್ಲಿ ಹೆಸರು ಬರೆಸಿ. ಕೆಲಸ ಹುಡುಕೋದು ಅದರ ಜೊತೆ ಜೊತೆಗೆ ನಡೆಯಲಿ.

ಅಡಲ್ಟ್ ಸ್ಕೂಲ್ ಅಂದರೆ ಇಲ್ಲಿ ಸ್ಕೂಲ್ ಡಿಸ್ಟ್ರಿಕ್ಟ್‌ಗಳು (ಆಯಾ ಕಡೆಯ ಸರ್ಕಾರಿ ಶಾಲೆಗಳ ಆಡಳಿತ) ದೊಡ್ಡವರಿಗಾಗಿ ನಡೆಸುವ ಶಾಲೆ. ಸ್ಯಾನ್ ಹೋಸೆಯಲ್ಲಿ ಈಸ್ಟ್ ಸೈಡ್ ಅಡಲ್ಟ್ ಎಜುಕೇಶನ್ ಇದೆ, ಸಿಲಿಕಾನ್ ವ್ಯಾಲಿ ಅಡಲ್ಟ್ ಎಜುಕೇಶನ್ ಇದೆ. ಇಂಗ್ಲಿಷ್, ಲೆಕ್ಕ, ಕಂಪ್ಯೂಟರ್, ಹೈಸ್ಕೂಲ್ ಸರ್ಟಿಫಿಕೇಟ್, ಕೆಲಸದ ತರಬೇತಿ, ಎಲ್ಲಾ ಒಂದೇ ಕಡೆ. ಬೆಳಗ್ಗೆಯ ಕ್ಲಾಸೂ ಇರುತ್ತೆ, ಸಂಜೆಯದ್ದೂ ಇರುತ್ತೆ. ಹೋದ ದಿನ ಒಂದು ಪರೀಕ್ಷೆ ಕೊಡ್ತಾರೆ, ಸಾಮಾನ್ಯವಾಗಿ ಕ್ಯಾಸಸ್ ಅನ್ನೋದು. ಅದರಲ್ಲಿ ಪಾಸು ಫೇಲು ಇಲ್ಲ, ಯಾವ ಮಟ್ಟದ ಕ್ಲಾಸಿಗೆ ಕೂರಿಸಬೇಕು ಅಂತ ನೋಡೋದಕ್ಕೆ ಅಷ್ಟೇ. ದಯವಿಟ್ಟು ಅಲ್ಲಿ ಪಕ್ಕದವರ ಹತ್ತಿರ ಕೇಳಿ ಬರೆಯೋದು, ಅಂದಾಜಿಗೆ ಗುರುತು ಹಾಕೋದು ಮಾಡಬೇಡಿ. ಬಂದಷ್ಟೇ ಬರೆಯಿರಿ. ನಿಜವಾದ ಮಟ್ಟದಲ್ಲಿ ಕೂತವರು ಬೇಗ ಮೇಲೆ ಹೋಗ್ತಾರೆ, ಮೇಲಿನ ಕ್ಲಾಸಿನಲ್ಲಿ ಏನೂ ತಿಳಿಯದೆ ಕೂತವರು ಸುಮ್ನೆ ಬರೋದೇ ನಿಲ್ಲಿಸಿಬಿಡ್ತಾರೆ.

ನಾನು ಇಂಥದ್ದೇ ಒಂದು ಶಾಲೆಯ ಸಂಜೆ ಕ್ಲಾಸಿನಲ್ಲಿ ಸಹಾಯಕ್ಕೆ ಹೋಗುತ್ತೇನೆ, ದುಡ್ಡಿಗಲ್ಲ. ನಿಮ್ಮ ಮನೆಯವರ ಬಗ್ಗೆ ಓದುವಾಗ ಅಲ್ಲಿನ ನರ್ಸಿಂಗ್ ಅಸಿಸ್ಟೆಂಟ್ ಕ್ಲಾಸೇ ಕಣ್ಣ ಮುಂದೆ ಬಂತು. ಕೋಣೆಯಲ್ಲಿ ಎರಡು ಆಸ್ಪತ್ರೆ ಮಂಚ, ಮಂಚದ ಮೇಲೆ ಪ್ಲಾಸ್ಟಿಕ್ ಬೊಂಬೆ. ಕಲಿಯೋರಲ್ಲಿ ಅರ್ಧಕ್ಕೂ ಹೆಚ್ಚು ಜನ ನಲವತ್ತೈದು ದಾಟಿದವರು. ಕಲಿಸೋರು ಇಬ್ಬರು: ಒಬ್ಬರು ನರ್ಸ್, ಇನ್ನೊಬ್ಬರು ಇಂಗ್ಲಿಷ್ ಟೀಚರ್. ನರ್ಸ್ ನಾಡಿ ಹಿಡಿಯೋದು ತೋರಿಸ್ತಾರೆ, ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಎಣಿಸಬೇಕು. ಎಣಿಸಿದ ಮೇಲೆ ಆ ಅಂಕಿಯನ್ನ ಚಾರ್ಟಿನಲ್ಲಿ ಎಲ್ಲಿ ಬರೆಯಬೇಕು, ಹೆಚ್ಚು ಕಡಿಮೆ ಇದ್ದರೆ ಮೇಲಿನ ನರ್ಸ್‌ಗೆ ಯಾವ ಮಾತಿನಲ್ಲಿ ಹೇಳಬೇಕು ಅನ್ನೋದನ್ನ ಇಂಗ್ಲಿಷ್ ಟೀಚರ್ ಅಲ್ಲೇ, ಆಗಲೇ ಹೇಳಿಕೊಡ್ತಾರೆ. ಒಬ್ಬ ಹೆಂಗಸು, ಎರಡು ಮಕ್ಕಳನ್ನ ಕಾಲೇಜಿಗೆ ಕಳಿಸಿ ಆಮೇಲೆ ತಾನು ಓದೋದಕ್ಕೆ ಬಂದವರು, ನಾಡಿ ಸರಿಯಾಗಿ ಎಣಿಸ್ತಿದ್ದರು, ಆದರೆ ಬಾಯಿಬಿಟ್ಟು ಹೇಳು ಅಂದರೆ ತಲೆ ತಗ್ಗಿಸೋರು. ಒಂದೇ ವಾಕ್ಯವನ್ನ ಪಕ್ಕದವರ ಕೈ ಹಿಡಿದು ಹೇಳಿ ಹೇಳಿ ಅಭ್ಯಾಸ ಮಾಡಿದರು. ಮೊದಲು ಎರಡು ವರ್ಷ ಇಂಗ್ಲಿಷ್ ಕಲಿ, ಆಮೇಲೆ ಕೆಲಸ ಕಲಿ ಅಂತ ಕೂರಿಸಿದ್ದರೆ ಅವರು ಆ ಎರಡು ವರ್ಷ ಬರುತ್ತಲೇ ಇರಲಿಲ್ಲ. ಹೀಗೆ ಎರಡನ್ನೂ ಒಟ್ಟಿಗೆ ಕಲಿಸೋ ಪದ್ಧತಿಯನ್ನ ವಾಷಿಂಗ್ಟನ್ ರಾಜ್ಯದವರು ಐ-ಬೆಸ್ಟ್ ಅನ್ನೋ ಹೆಸರಿನಲ್ಲಿ ಚೆನ್ನಾಗಿ ಬೆಳೆಸಿದ್ದಾರೆ, ಈಗ ಬೇರೆ ರಾಜ್ಯಗಳಲ್ಲೂ ಇದೆ. ಶಾಲೆಗೆ ಹೋದಾಗ "ಇಂಗ್ಲಿಷ್ ಜೊತೆಗೇ ಕೆಲಸ ಕಲಿಸೋ ಕ್ಲಾಸ್ ಇದೆಯಾ" ಅಂತ ಬಾಯಿಬಿಟ್ಟು ಕೇಳಿ.

ಈ ನರ್ಸಿಂಗ್ ಅಸಿಸ್ಟೆಂಟ್ ತರಬೇತಿಗೆ ದೇಶದ ಕನಿಷ್ಠ ನಿಯಮ 75 ಗಂಟೆ, ಕ್ಯಾಲಿಫೋರ್ನಿಯಾದಲ್ಲಿ 160 ಗಂಟೆ: 60 ಕ್ಲಾಸಿನಲ್ಲಿ, 100 ರೋಗಿಗಳ ಹತ್ತಿರ. ಕೆಲವು ನರ್ಸಿಂಗ್ ಹೋಮ್‌ಗಳು ತಾವೇ ಕೆಲಸಕ್ಕೆ ತಗೊಂಡು ಕಲಿಸುತ್ತವೆ. ಆಗ ತರಬೇತಿಗೆ ನಿಮ್ಮಿಂದ ದುಡ್ಡು ಕೇಳುವ ಹಾಗಿಲ್ಲ. ಆದರೆ ಒಂದು ಮಾತು, ಇದು ಮೈಮುರಿಯೋ ಕೆಲಸ. ಮಲಗಿದವರನ್ನ ಎಬ್ಬಿಸಬೇಕು, ಹೊರಳಿಸಬೇಕು. ನಿಮ್ಮ ಮನೆಯವರಿಗೆ ಸೊಂಟನೋವೋ ಮಂಡಿನೋವೋ ಇದ್ದರೆ ಬೇಡವೇ ಬೇಡ. ಮಕ್ಕಳ ಜೊತೆ ಇರೋದು ಇಷ್ಟ ಅಂದರೆ ಕಮ್ಯುನಿಟಿ ಕಾಲೇಜಿನಲ್ಲಿ (ಇಲ್ಲಿನ ಎರಡು ವರ್ಷದ ಸರ್ಕಾರಿ ಕಾಲೇಜು) ಚೈಲ್ಡ್ ಡೆವಲಪ್‌ಮೆಂಟ್ ಓದಬಹುದು. ಇಲ್ಲಿನ ಡೇಕೇರ್‌ಗಳಲ್ಲಿ ಟೀಚರ್ ಆಗೋದಕ್ಕೆ ಅದರ 12 ಯೂನಿಟ್ (ಕಾಲೇಜು ಓದನ್ನ ಅಳೆಯೋ ಲೆಕ್ಕ) ಬೇಕು, ಜೊತೆಗೆ ಸ್ವಲ್ಪ ಅನುಭವ.

ಅವರ ಎಸ್‌ಎಸ್‌ಎಲ್‌ಸಿ ಬಗ್ಗೆ ಹೇಳಿಬಿಡುತ್ತೇನೆ. ಇಲ್ಲಿನ ಹೈಸ್ಕೂಲ್ ಅಂದರೆ 12ನೇ ತರಗತಿವರೆಗೆ. ಹಾಗಾಗಿ ನಿಮ್ಮ ಪಿಯುಸಿ ಸಾಕು, ಅವರ ಹತ್ತನೇ ತರಗತಿ ಸಾಲದು. ಹೈಸ್ಕೂಲ್ ಮುಗಿಸಿರಬೇಕು ಅನ್ನೋ ಕಡೆಗೆ ಅವರು ಜಿಇಡಿ ಅನ್ನೋ, ಹೈಸ್ಕೂಲಿಗೆ ಸಮನಾದ ಪರೀಕ್ಷೆ ಕಟ್ಟಬಹುದು. ನಾಲ್ಕು ವಿಷಯ: ಲೆಕ್ಕ, ಭಾಷೆ, ವಿಜ್ಞಾನ, ಸಮಾಜ. ಒಂದೊಂದರಲ್ಲೂ 145 ಅಂಕ ಬೇಕು, ಒಂದೊಂದನ್ನೇ ಬೇರೆ ಬೇರೆ ದಿನ ಬರೆಯಬಹುದು. ಇದು ಶುರುವಾಗಿದ್ದು 1942ರಲ್ಲಿ, ಓದು ಬಿಟ್ಟು ಯುದ್ಧಕ್ಕೆ ಹೋದ ಸೈನಿಕರಿಗಾಗಿ, ಅಂದರೆ ಅರ್ಧಕ್ಕೆ ಓದು ನಿಂತವರಿಗಾಗಿಯೇ ಮಾಡಿದ ಪರೀಕ್ಷೆ. ಅವರಿಗೆ ನಾಚಿಕೆ ಬೇಡ ಅಂತ ಹೇಳಿ. ತಯಾರಿ ಕ್ಲಾಸ್ ಅಡಲ್ಟ್ ಸ್ಕೂಲಿನಲ್ಲೇ ಇರುತ್ತೆ.

ಇನ್ನು ನಿಮ್ಮ ವಿಷಯ. ಬಿಕಾಂ ಮುಗಿಸಲಿಲ್ಲ ಅಂತ ಬೇಜಾರು ಮಾಡಿಕೊಂಡಿದ್ದೀರಿ. ಇಲ್ಲಿ ಪೆಲ್ ಗ್ರಾಂಟ್ ಅಂತ ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವು ಇದೆ, ತೀರಿಸಬೇಕಾಗಿಲ್ಲ, ವಯಸ್ಸಿನ ಮಿತಿ ಇಲ್ಲ, ಗ್ರೀನ್ ಕಾರ್ಡ್ ಇದ್ದವರಿಗೂ ಸಿಗುತ್ತೆ. 2025-26ರಲ್ಲಿ ಹೆಚ್ಚೆಂದರೆ 7,395 ಡಾಲರ್, ಮನೆಯ ಆದಾಯ ನೋಡಿ ಕೊಡ್ತಾರೆ. ಅದು ಡಿಗ್ರಿ ಮುಗಿಸಿದವರಿಗೆ ಸಿಗೋದಿಲ್ಲ, ಹೊರದೇಶದ ಡಿಗ್ರಿ ಆದರೂ ಅಷ್ಟೇ. ನಿಮಗೆ ಆ ಬಾಗಿಲು ತೆರೆದಿದೆ. ಫಾಫ್ಸಾ ಅನ್ನೋ ಅರ್ಜಿ ತುಂಬಬೇಕು, ಅದನ್ನ ತುಂಬೋದಕ್ಕೆ ದುಡ್ಡು ಕೇಳೋರು ಯಾರೇ ಆಗಲಿ ಅವರಿಂದ ದೂರ ಇರಿ.

ಕಮ್ಯುನಿಟಿ ಕಾಲೇಜಿಗೆ ಅವಸರ ಮಾಡಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಒಂದು ವರ್ಷ ಒಂದು ದಿನ ವಾಸ ಇದ್ದ ಮೇಲೆ ಇಲ್ಲಿಯವರ ಫೀಸು, ಯೂನಿಟ್‌ಗೆ 46 ಡಾಲರ್. ಆದಾಯ ಕಡಿಮೆ ಇದ್ದರೆ ಅದೂ ಮಾಫಿ ಆಗುತ್ತೆ. ಅದಕ್ಕೂ ಮುಂಚೆ ಸೇರಿದರೆ ಅದರ ಎಷ್ಟೋ ಪಟ್ಟು ಕಟ್ಟಬೇಕು. ಆದರೆ ಅದೇ ಕಾಲೇಜುಗಳಲ್ಲಿ ನಾನ್‌ಕ್ರೆಡಿಟ್ ಅಂತ, ಡಿಗ್ರಿ ಲೆಕ್ಕಕ್ಕೆ ಸೇರದ ಕ್ಲಾಸ್‌ಗಳಿವೆ, ಅವಕ್ಕೆ ಫೀಸೇ ಇಲ್ಲ. ಮೊದಲ ವರ್ಷ ಅಡಲ್ಟ್ ಸ್ಕೂಲ್, ನಾನ್‌ಕ್ರೆಡಿಟ್ ಇವೆರಡರಲ್ಲಿ ಇಂಗ್ಲಿಷ್, ಲೆಕ್ಕ, ಎಕ್ಸೆಲ್, ಕ್ವಿಕ್‌ಬುಕ್ಸ್ (ಲೆಕ್ಕಪತ್ರದ ಸಾಫ್ಟ್‌ವೇರ್) ಗಟ್ಟಿ ಮಾಡಿಕೊಳ್ಳಿ. ಇನ್ನೊಂದು ಕಾರಣ ಇದೆ. 2017ರಲ್ಲಿ ಬಂದ ಎಬಿ 705 ಅನ್ನೋ ಕಾನೂನಿನಿಂದಾಗಿ ಇಲ್ಲಿನ ಕಾಲೇಜುಗಳು ಹೆಚ್ಚಿನ ವಿದ್ಯಾರ್ಥಿಗಳನ್ನ ತಳಮಟ್ಟದ ಲೆಕ್ಕ, ಇಂಗ್ಲಿಷ್ ಕ್ಲಾಸ್‌ಗಳಿಗೆ ಕಳಿಸದೆ ನೇರವಾಗಿ ಕಾಲೇಜು ಮಟ್ಟಕ್ಕೇ ಕೂರಿಸುತ್ತವೆ. ಹೈಸ್ಕೂಲ್ ಆಗಷ್ಟೇ ಮುಗಿಸಿದ ಹುಡುಗರಿಗೆ ಅದು ಒಳ್ಳೆಯದೇ, ವರ್ಷಗಟ್ಟಲೆ ಹಳೆಯ ಪಾಠದಲ್ಲೇ ಕೊಳೆಯೋದು ತಪ್ಪಿತು. ಮೂವತ್ತು ವರ್ಷದಿಂದ ಬೀಜಗಣಿತ ಮುಟ್ಟದವರಿಗೆ ಮಾತ್ರ ತಳಪಾಯ ಬೇರೆ ಕಡೆ ಹಾಕಿಕೊಂಡು ಹೋಗೋದೇ ಸರಿ.

ತರಬೇತಿಯ ಖರ್ಚಿಗೆ ಇನ್ನೊಂದು ಜಾಗ, ಜಾಬ್ ಸೆಂಟರ್, ಅಂದರೆ ಕೆಲಸ ಹುಡುಕೋರಿಗೆ ಸರ್ಕಾರದ ನೆರವಿನ ಕೇಂದ್ರ. ಸ್ಯಾನ್ ಹೋಸೆಯಲ್ಲಿ ಅದನ್ನ ವರ್ಕ್2ಫ್ಯೂಚರ್ ನಡೆಸುತ್ತೆ. ಇದರ ಹಿಂದಿರೋದು ಕೆಲಸದ ತರಬೇತಿಗೆ ನೆರವು ಕೊಡೋ 2014ರ ವಯೋವಾ (WIOA) ಕಾನೂನು. ಆ ಕಾನೂನಿನಲ್ಲೇ ಆದಾಯ ಕಡಿಮೆ ಇದ್ದವರಿಗೆ, ಓದು ಬರಹ ಇಂಗ್ಲಿಷ್ ಕಡಿಮೆ ಇದ್ದವರಿಗೆ ಮೊದಲ ಆದ್ಯತೆ ಅಂತ ಬರೆದಿದೆ. ಹಾಗಾಗಿ "ನನಗೆ ಇಂಗ್ಲಿಷ್ ಚೆನ್ನಾಗಿ ಬರುತ್ತೆ" ಅಂತ ಅಲ್ಲಿ ಜಂಬ ಬೇಡ, ಕಷ್ಟ ಇರೋ ಕಡೆ ಕಷ್ಟ ಇದೆ ಅಂತಲೇ ಹೇಳಿ. ಅವರ ಒಪ್ಪಿಗೆ ಪಟ್ಟಿಯಲ್ಲಿರೋ ಶಾಲೆಗೆ ಮಾತ್ರ ದುಡ್ಡು ಕಟ್ಟುತ್ತಾರೆ, ನಿಮ್ಮ ಕೈಗೆ ಕೊಡೋದಿಲ್ಲ. ನೀವು ಮೊದಲೇ ಎಲ್ಲೋ ಸೇರಿ ಫೀಸು ಕಟ್ಟಿ ಆಮೇಲೆ ರಸೀದಿ ತಗೊಂಡು ಹೋದರೆ ಏನೂ ಸಿಗೋದಿಲ್ಲ. ಬಸ್ ಪಾಸು, ಯೂನಿಫಾರ್ಮ್, ಪರೀಕ್ಷೆ ಫೀಸು ಇವಕ್ಕೂ ನೆರವು ಇರಬಹುದು, ಕೇಳಿದರೆ ಮಾತ್ರ ಹೇಳ್ತಾರೆ. ಗಂಡಸರಿಗೆ ಸೆಲೆಕ್ಟಿವ್ ಸರ್ವಿಸ್ (ಯುದ್ಧ ಬಂದರೆ ಸೇನೆಗೆ ಕರೆಯೋ ಪಟ್ಟಿ) ನೋಂದಣಿ ಬಗ್ಗೆ ಕೇಳಿದರೆ ಗಾಬರಿ ಬೇಡ. 26 ದಾಟಿ ಈ ದೇಶಕ್ಕೆ ಬಂದವರಿಗೆ ಅದು ಬೇಕಿಲ್ಲ, ಪಾಸ್‌ಪೋರ್ಟಿನಲ್ಲಿ ಬಂದ ತಾರೀಖು ತೋರಿಸಿ. ತಾಳ್ಮೆ ಮಾತ್ರ ಜಾಸ್ತಿ ಬೇಕು. ಓರಿಯೆಂಟೇಶನ್, ಆಮೇಲೆ ಕೌನ್ಸೆಲರ್, ಆಮೇಲೆ ಮತ್ತೆ ಪರೀಕ್ಷೆ, ವಾರಗಳು ಹಿಡಿಯುತ್ತೆ. ಕೌನ್ಸೆಲರ್ ಫೋನ್ ಮಾಡಲಿಲ್ಲ ಅಂತ ಕೂರಬೇಡಿ, ನೀವೇ ಮಾಡಿ, ಮತ್ತೆ ಮಾಡಿ.

ಸ್ಟೋರ್ಸ್ ಅನುಭವ ಇರೋದರಿಂದ ನಿಮಗೆ ಯಾರಾದರೂ ಫೋರ್ಕ್‌ಲಿಫ್ಟ್ ಲೈಸೆನ್ಸ್ ಮಾಡಿಸಿಕೋ ಅಂತ ಖಂಡಿತ ಹೇಳ್ತಾರೆ. ದುಡ್ಡು ಸುರಿಯಬೇಡಿ. ಇಲ್ಲಿನ ಸುರಕ್ಷತಾ ನಿಯಮದ ಪ್ರಕಾರ ಫೋರ್ಕ್‌ಲಿಫ್ಟ್ ಓಡಿಸೋರಿಗೆ ತರಬೇತಿ ಆಗಿದೆ, ಓಡಿಸಲು ಯೋಗ್ಯರು ಅಂತ ಖಾತ್ರಿ ಮಾಡಬೇಕಾದವರು ಕೆಲಸ ಕೊಟ್ಟವರೇ. ಹೊರಗೆ ಕಾರ್ಡ್ ಮಾಡಿಸಿದರೂ ಅವರು ಮತ್ತೆ ಪರೀಕ್ಷಿಸಲೇಬೇಕು. ಖಾಸಗಿ ಟ್ರೈನಿಂಗ್ ಸ್ಕೂಲ್‌ಗಳ ವಿಷಯದಲ್ಲಿ ಇನ್ನೂ ಹುಷಾರಾಗಿರಿ. ಕೊರಿಂಥಿಯನ್ ಕಾಲೇಜಸ್ 2015ರಲ್ಲಿ, ಐಟಿಟಿ ಟೆಕ್ 2016ರಲ್ಲಿ ಬಾಗಿಲು ಹಾಕಿದವು. ಓದುತ್ತಿದ್ದ ಸಾವಿರಾರು ಜನ ಸಾಲ ಹೊತ್ತು ನಡುನೀರಿನಲ್ಲಿ ನಿಂತರು, ಅವರಲ್ಲಿ ಕೆಲಸ ಮಾಡ್ತಾ ಓದೋ ಬಡವರೇ ಬಹಳ. "ಇವತ್ತೇ ಸೈನ್ ಮಾಡಿ, ಸೀಟು ಹೋಗುತ್ತೆ" ಅಂದರೆ ಎದ್ದು ಬನ್ನಿ.

ಕ್ಯಾಶ್ ಕೆಲಸ ಯಾಕೆ ಬೇಡ ಅಂತ ಮೇಲೆ ಹೇಳಿದ್ದು ಇದಕ್ಕೆ. ಇಲ್ಲಿನ ಪಿಂಚಣಿಗೆ, ಅಂದರೆ ಸೋಶಿಯಲ್ ಸೆಕ್ಯುರಿಟಿಗೆ, 40 ಕ್ರೆಡಿಟ್ ಬೇಕು. ವರ್ಷಕ್ಕೆ ಹೆಚ್ಚೆಂದರೆ ನಾಲ್ಕು, ಅಂದರೆ ಕಡಿಮೆ ಅಂದರೂ ಹತ್ತು ವರ್ಷದ ದುಡಿಮೆ. ಭಾರತದ ಜೊತೆ ಇದಕ್ಕೆ ಒಪ್ಪಂದ ಇಲ್ಲ, ಅಲ್ಲಿ ದುಡಿದಿದ್ದು ಇಲ್ಲಿ ಲೆಕ್ಕಕ್ಕೆ ಬರೋದಿಲ್ಲ. 65ರ ಮೇಲೆ ಮೆಡಿಕೇರ್‌ನ, ಅಂದರೆ ವಯಸ್ಸಾದವರ ಸರ್ಕಾರಿ ಆರೋಗ್ಯ ವಿಮೆಯ, ಆಸ್ಪತ್ರೆ ಭಾಗ ಪ್ರೀಮಿಯಂ ಇಲ್ಲದೆ ಸಿಗೋದಕ್ಕೂ ಇದೇ 40. ನಿಮಗೆ 53, ಈಗ ಶುರು ಮಾಡಿದರೆ 63-64ಕ್ಕೆ ಆಗುತ್ತೆ. ಟ್ಯಾಕ್ಸ್ ಹಿಡಿಯದೆ ಕೈಗೆ ಕೊಡೋ ಕೆಲಸದಲ್ಲಿ ಒಂದು ಕ್ರೆಡಿಟ್ಟೂ ಸೇರೋದಿಲ್ಲ. ಸಂಬಳ ಸ್ವಲ್ಪ ಕಡಿಮೆ ಆದರೂ ಪೇ ಸ್ಲಿಪ್ ಕೊಡೋ ಜಾಗವೇ ಇರಲಿ. ಸ್ಕೂಲ್ ಡಿಸ್ಟ್ರಿಕ್ಟ್, ಕೌಂಟಿ (ಇಲ್ಲಿನ ಜಿಲ್ಲಾಡಳಿತ), ಆಸ್ಪತ್ರೆಗಳಲ್ಲಿ ವೇರ್‌ಹೌಸ್, ಸ್ಟಾಕ್ ಕ್ಲರ್ಕ್ ಕೆಲಸಗಳು ಬರ್ತಾ ಇರುತ್ತವೆ, ನಿಮ್ಮ ಅನುಭವ ಅಲ್ಲಿಗೆ ಸರಿಯಾಗಿ ಹೊಂದುತ್ತೆ. ನಿಮಗೆ 55 ಆದ ಮೇಲೂ ಕೆಲಸ ಸಿಗದೆ ಆದಾಯ ತೀರಾ ಕಡಿಮೆ ಇದ್ದರೆ ಹಿರಿಯರಿಗೆ ಅಂತಲೇ ಎಸ್‌ಸಿಸೆಪ್ ಅನ್ನೋ ಯೋಜನೆ ಇದೆ, ವಾರಕ್ಕೆ ಸುಮಾರು 20 ಗಂಟೆ ಸಂಬಳ ಕೊಟ್ಟು ಕೆಲಸ ಕಲಿಸ್ತಾರೆ. ಅದರ ಅನುದಾನ ಆಗಾಗ ಅಲ್ಲಾಡುತ್ತೆ, ಅದನ್ನೇ ನಂಬಿ ಕೂರೋ ಹಾಗಿಲ್ಲ.

ವಯಸ್ಸು ನೋಡಿ ಬೇಡ ಅನ್ನೋದು ಇಲ್ಲಿ ಇಲ್ಲ ಅಂತ ಹೇಳಲಾರೆ. 40 ದಾಟಿದವರನ್ನ ವಯಸ್ಸಿನ ಕಾರಣಕ್ಕೆ ತಳ್ಳಬಾರದು ಅಂತ 1967ರಿಂದ ಕಾನೂನಿದೆ, ಆದರೂ ನಡೆಯುತ್ತೆ. ರೆಸ್ಯೂಮೆಯಲ್ಲಿ ಹುಟ್ಟಿದ ತಾರೀಖು, ಫೋಟೋ, ಮದುವೆ ವಿವರ ಯಾವುದೂ ಬೇಡ. ಇತ್ತೀಚಿನ ಹತ್ತು ಹದಿನೈದು ವರ್ಷದ ಕೆಲಸ ಬರೆದರೆ ಸಾಕು. ಇಲ್ಲಿ ಕಲಿತ ಒಂದು ಸರ್ಟಿಫಿಕೇಟ್ ಅದರ ಮೇಲ್ಗಡೆ ಇದ್ದರೆ ನೋಡೋರ ಕಣ್ಣು ಮೊದಲು ಅಲ್ಲಿಗೆ ಹೋಗುತ್ತೆ.

ಹೊರಡೋ ಮುಂಚೆ ಮಾಡಬೇಕಾಗಿದ್ದು: ಪಿಯುಸಿ, ಬಿಕಾಂನ ಪಾಸಾದ ವರ್ಷಗಳ ಮಾರ್ಕ್ಸ್ ಕಾರ್ಡ್, ಅವರ ಎಸ್‌ಎಸ್‌ಎಲ್‌ಸಿ ಕಾರ್ಡ್, ಎಲ್ಲವೂ ಮೂಲ ಪ್ರತಿ ತನ್ನಿ. ಕಾರ್ಖಾನೆಯಿಂದ ಅನುಭವ ಪತ್ರ ಬರೆಸಿಕೊಳ್ಳಿ, ಅದರಲ್ಲಿ "ಒಳ್ಳೆಯ ನಡತೆ" ಅಂತಿದ್ದರೆ ಇಲ್ಲಿ ಉಪಯೋಗ ಇಲ್ಲ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಏನೇನು ಕೆಲಸ, ಯಾವ ಸಾಫ್ಟ್‌ವೇರ್ ಅಂತ ಇಂಗ್ಲಿಷಿನಲ್ಲಿ ಇರಬೇಕು. ನಿಮ್ಮ ತಂಗಿ ಮನೆ ಸ್ಯಾನ್ ಹೋಸೆಯ ಯಾವ ಕಡೆ ಅಂತ ತಿಳಿಸಿ. ಕಾರಿಲ್ಲದೆ ಬಸ್ಸಿನಲ್ಲಿ ಹೋಗೋದಕ್ಕೆ ಯಾವ ಶಾಲೆ ಹತ್ತಿರ, ಸಂಜೆ ಕ್ಲಾಸ್ ಎಲ್ಲಿದೆ ಅಂತ ನೋಡಿ ಬರೆಯುತ್ತೇನೆ.